ತಂತಿ ಬೇಲಿಯೊಳಗಿನ ಹುಲ್ಲು

ನನ್ನ ಸೋದರತ್ತೆ ಆಂಧ್ರದ ಕಲ್ಯಾಣದುರ್ಗದ ಹತ್ತಿರ, ನಮ್ಮ ತವರೂರಿನಲ್ಲಿ ಕುರಿ ಸಾಕಿಕೊಂಡಿದ್ದಳು. ಗಂಡ ತೀರಿಹೋದ ಮೇಲೆ, ಮಕ್ಕಳಿಲ್ಲದ ಅವಳಿಗೆ ಇದ್ದದ್ದು ಆ ಮಂದೆಯೊಂದೇ. ಅವಳ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಇರಲಿಲ್ಲ. ಬೇಕೆಂದು ಅವಳಿಗೆ ಅನಿಸಿಯೂ ಇರಲಿಲ್ಲ. ಊರ ಹಿಂದಿನ ಬೀಳು, ಕಡಲೆಕಾಯಿ ಕಿತ್ತ ಮೇಲಿನ ಹೊಲಗಳು, ಎಲ್ಲ ಕಡೆಯೂ ಅವಳ ಕುರಿ ಮೇಯುತ್ತಿದ್ದವು. ಹೊಲದವರಿಗೆ ಗೊಬ್ಬರ ಸಿಗುತ್ತಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ.

ಸೋಲಾರ್ ಕಂಪನಿಯವರು ಬಂದಾಗ ಊರಿಗೆ ಊರೇ ಸಂತೋಷಪಟ್ಟಿತು. ನನ್ನ ಅಣ್ಣನೂ ಹೊಲವನ್ನು ಗುತ್ತಿಗೆಗೆ ಕೊಟ್ಟ. ಮಳೆ ಕಾದು ಕಾದು ಸಾಕಾಗಿದ್ದ ಅವನನ್ನು ದೂರಲು ನನಗೆ ಈಗಲೂ ಮನಸ್ಸು ಬರುವುದಿಲ್ಲ. ಊರಲ್ಲಿ ಸಭೆ ಕರೆದ ದಿನ ನಾನೂ ಹಿಂದೂಪುರದಿಂದ ಬಂದಿದ್ದೆ. ಅತ್ತೆ ಎದ್ದು ನಿಂತು, ಕುರಿಗಳು ಇನ್ನೆಲ್ಲಿ ಮೇಯಬೇಕು ಎಂದು ತೆಲುಗಿನಲ್ಲೇ ಕೇಳಿದಳು.

"ನೀಕು ಪೊಲಂ ಉಂದಾ ಅಮ್ಮಾ?" ಎಂದರು ಬಂದಿದ್ದ ಅಧಿಕಾರಿ. ಹೊಲ ಇದೆಯೇ ಎಂದು.

"ಲೇದಪ್ಪಾ," ಇಲ್ಲವೆಂದಳು ಅತ್ತೆ.

ಅವರು ಒರಟಾಗಿ ಏನೂ ಅನ್ನಲಿಲ್ಲ. ಕೂತ್ಕೊಳ್ಳಮ್ಮ ಎಂದು ಕೈಸನ್ನೆ ಮಾಡಿ ಪಕ್ಕದವರ ಕಡೆ ತಿರುಗಿದರು. ಅತ್ತೆ ಕೂತಳು.

ಬೇಲಿ ಬಂತು. ಬೀಳೂ ಒಳಗೆ ಸೇರಿಹೋಯಿತು. ಪ್ಯಾನೆಲ್ ತೊಳೆದ ನೀರು ಬಿದ್ದಲ್ಲೆಲ್ಲ ನೆರಳಿನಲ್ಲಿ ಹುಲ್ಲು ಹುಲುಸಾಗಿ ಬೆಳೆಯಿತು. ಅತ್ತೆ ಅಲ್ಲಿನ ಇಂಜಿನಿಯರನ್ನು ಹೋಗಿ ಕಂಡಳು. ಅವನು ಒಳ್ಳೆಯವನು, ಗೇಟು ತೆಗೆಸಿ ಕುರಿಗಳನ್ನು ಒಳಗೆ ಬಿಡಿಸಿದ. ಆ ಕೆಲವು ದಿನ ಅತ್ತೆ ಫೋನಿನಲ್ಲಿ ಬೇರೆ ಮಾತೇ ಆಡುತ್ತಿರಲಿಲ್ಲ. ಆಮೇಲೆ ಮೇಲಿನವರು ಬಂದು, ಕುರಿ ವೈರು ಕಡಿದರೆ ಯಾರು ಹೊಣೆ ಎಂದು ಗೇಟು ಮುಚ್ಚಿಸಿ, ಕಳೆನಾಶಕ ಹೊಡೆಸಿದರು.

"ತಿನ್ನೋ ಬಾಯಿ ಹೊರಗೈತೆ, ಒಳಗೆ ಹುಲ್ಲಿಗೆ ವಿಷ ಹಾಕ್ತಾವ್ರೆ ಕಣಮ್ಮ" ಎಂದಳು ಅತ್ತೆ ಫೋನಿನಲ್ಲಿ.

ಮೇವು ಹುಡುಕಿ ದೂರದ ಗುಡ್ಡಕ್ಕೆ ನಡೆದೂ ನಡೆದೂ ಅವಳ ಮಂಡಿ ಸೋತಿತು. ಕೊನೆಗೆ ಮಂದೆಯನ್ನು ಮಾರಿದಳು. ಆ ದಿನ ನಾನೂ ಊರಿಗೆ ಬಂದಿದ್ದೆ. ಕುರಿ ತುಂಬಿದ ಟೆಂಪೊ ಹೊರಟ ಮೇಲೆ ಅಣ್ಣ, "ನಮ್ಮನೇಗೆ ಬಂದ್ಬುಡು ಅತ್ತೆ, ಊಟಕ್ಕೇನು ಯೋಚನೆ ಬೇಡ" ಎಂದ.

"ಊಟ ಎಲ್ಲಾದ್ರೂ ಸಿಗ್ತೈತೆ ಕಣಪ್ಪ. ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ, ಅದ್ ಹೇಳು."

ಆ ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದ ಅಣ್ಣ, "ಅವತ್ತು ಅತ್ತೆ ಜೊತೆ ನಾನೂ ಎದ್ದು ನಿಲ್ಬೇಕಿತ್ತು. ನಂಗೆ ಹೊಲ ಇತ್ತು, ನನ್ ಮಾತು ಕೇಳ್ತಿದ್ರೇನೋ" ಎಂದ.

ಹೋದ ವರ್ಷ ಪಕ್ಕದ ಊರಿಗೂ ಸೋಲಾರ್ ಬಂತು. ಅಲ್ಲಿನ ಸಭೆಗೆ ಅಣ್ಣನೇ ಅತ್ತೆಯನ್ನು ಬೈಕಿನಲ್ಲಿ ಕರೆದೊಯ್ದ. ಕುರಿ ಮೇಯಿಸುವ ಹೆಂಗಸರೆಲ್ಲ ಒಟ್ಟಿಗೆ ಎದ್ದರಂತೆ. ಹೊಲದವರೂ ದನಿಗೂಡಿಸಿದರಂತೆ. ಅಲ್ಲಿ ಕುರಿಗಳಿಗೆಂದು ಗುಡ್ಡದವರೆಗೆ ಅಗಲವಾದ ದಾರಿ ಬಿಟ್ಟು ಬೇಲಿ ಹಾಕಿದ್ದಾರೆ.

ಅತ್ತೆ ಈಗ ನಮ್ಮೂರಿನ ಅದೇ ಕಂಪನಿಯಲ್ಲಿ ಪ್ಯಾನೆಲ್ ಒರೆಸಲು ಹೋಗುತ್ತಾಳೆ. ಆ ದಾರಿಯ ವಿಷಯ ಹೇಳುವಾಗ ಅವಳ ದನಿಯಲ್ಲಿ ಸಂತೋಷವೇ ಇರುತ್ತದೆ. ಆದರೆ ಮತ್ತೆ ಮಂದೆ ಕಟ್ಟುವ ವಯಸ್ಸು ಅವಳದಲ್ಲ.