ಬಿಸಿಲು ಕಾಣದ ಸೊಸೆ

ಕೇಳಿ ಸ್ನೇಹಿತರೇ, ನನ್ನ ಸೊಸೆ ಸುಧಾಳ ತೊಡೆಯ ಮೂಳೆ ಬಿರುಕು ಬಿಟ್ಟಿದೆ. ಅವಳು ಬಿದ್ದಿಲ್ಲ, ಪೆಟ್ಟೂ ಆಗಿಲ್ಲ. ವಯಸ್ಸು ಮೂವತ್ತೊಂದು. ಸೊಂಟ ನೋವು ಎಂದಾಗಲೆಲ್ಲ ಸೋಮಾರಿತನ ಎಂದು ಬೈದವಳು ನಾನೇ.

ಇವತ್ತು ದೊಡ್ಡಬಳ್ಳಾಪುರದಲ್ಲಿ ಡಾಕ್ಟರಮ್ಮ ರಿಪೋರ್ಟು ನೋಡಿ, "ವಿಟಮಿನ್ ಡಿ ತೀರಾ ಕಮ್ಮಿ. ಬಿಸಿಲಿಗೆ ಹೋಗಲ್ವಾ?" ಎಂದು ಕೇಳಿದರು. ಊರಲ್ಲೆಲ್ಲ ಹೇಳಿಕೊಳ್ಳುವುದನ್ನೇ ಅಲ್ಲೂ ಹೇಳಿದೆ: "ನಮ್ಮನೆ ಸೊಸೆ ಹೊಲದ ಕಡೆ ಹೋದವಳಲ್ಲ ಡಾಕ್ಟ್ರೇ. ಏಳು ವರ್ಷದಿಂದ ಬಿಸಿಲೇ ಕಂಡಿಲ್ಲ."

"ಅದಕ್ಕೇ ಅಮ್ಮ, ಮೂಳೆ ಮೆತ್ತಗಾಗಿರೋದು."



ಸುಧಾ ಈಗ ಕಾಲೂರಬಾರದಂತೆ. ಮಗನೂ ನಾನೂ ಎತ್ತಿ ತಂದು, ಅಂಗಳದಲ್ಲಿ ಒಣಗಲು ಹರಡಿದ್ದ ರಾಗಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದೆವು. ಎದುರುಮನೆ ಗೌರಮ್ಮ ನಕ್ಕಳು: "ಏನಕ್ಕಾ, ಸೊಸೇನೂ ಬಿಸಿಲಿಗೆ ಹಾಕ್ಬಿಟ್ಯಾ?"

"ರಾಗಿಯಾಗಿದ್ದಿದ್ರೆ ಮೊದಲ್ನೇ ವರ್ಷವೇ ಹಾಕ್ತಿದ್ದೆ ಕಣೇ" ಎಂದೆ.