ಬ್ರೆಡ್ಡಿನ ಚೀಲದೊಳಗಿನ ಹೇಂಟೆ

"ನನ್ನ ಕೈ ಸೋತ ದಿನ ನನಗೋಸ್ಕರ ನೀನು ಹುಂಜ ಕರೀಬೇಕು" ಎಂದು ಡೆಲ್ಮರ್ ಕ್ರೈಡರ್ ಕೇಳಿದಾಗ ಲೊರೀನ್ ಸ್ಟಾಲ್‌ಕಪ್‌ಗೆ ಇನ್ನೂ ಮದುವೆಯಾಗಿರಲಿಲ್ಲ. ಅವರಿಗೆ ಕಾಡು ಟರ್ಕಿ ಕೋಳಿಯ ಬೇಟೆ ಕಲಿಸಿದ ಗುರು ಆತ. "ಆಯ್ತು" ಎಂದಿದ್ದರು ಲೊರೀನ್.

ಈಗ ಡೆಲ್ಮರ್ ಕೈ ಸೋತಿದೆ. ಬಂದೂಕಿನ ಕುದುರೆ ಎಳೆಯಲು ಒಂದು ಬೆರಳು ಮಡಚಿದರೆ ಹೆಚ್ಚು. ಇವತ್ತು ಈ ವಸಂತದ ಬೇಟೆಗೆ ಕಡೆಯ ದಿನ. ಬರುವ ವಸಂತಕ್ಕೆ ಆ ಬೆರಳೂ ಇರುತ್ತದೆಂಬ ಭರವಸೆಯಿಲ್ಲ. ಬೆಳಕು ಹರಿಯುವ ಮೊದಲೇ ಮಳೆ, ಜೊತೆಗೆ ಗಾಳಿ. ಓಝಾರ್ಕ್ ಗುಡ್ಡಗಳ ಬೇಟೆಗಾರರೆಲ್ಲ ಕಂಬಳಿ ಹೊದ್ದು ಮಲಗಿದ್ದಾರೆ. ಲೊರೀನ್ ಮಾತ್ರ ಮುದುಕನನ್ನು ಹುಲ್ಲುಗಾವಲಿನ ಅಂಚಿನ ಓಕ್ ಮರಕ್ಕೆ ಒರಗಿಸಿ ಕೂರಿಸುತ್ತಾರೆ.

"ಎಲೆಯಿಂದ ನೀರು ತೊಟ್ಟಿಕ್ಕೋ ಸದ್ದಲ್ಲಿ ನರಿ ಬಂದ್ರೂ ಕೋಳಿಗೆ ಕೇಳ್ಸಲ್ಲ. ಅದಕ್ಕೇ ಬಯಲಿಗೆ ಬರ್ತವೆ. ಗಾಳಿ ಎದ್ರೆ ಗುಡ್ಡದ ಮರೆ ಹುಡುಕ್ತವೆ. ಇಲ್ಲಿ ಎರಡೂ ಇದೆ," ಎನ್ನುತ್ತಾರೆ ಲೊರೀನ್.

ಗಂಡ ಮರದ ಮಿಲ್ಲಿನಲ್ಲಿ ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಸಿದ್ದು ಲೊರೀನ್: ವರ್ಷವಿಡೀ ಶಾಲೆಯ ಅಡುಗೆ, ವಸಂತದಲ್ಲಿ ಬೇಟೆಗಾರರಿಗೆ ದಾರಿ ತೋರುವ ಕೆಲಸ. ಪೇಟೆಯವರು ಹುಂಜ ಹಿಡಿದು ಫೋಟೊಗೆ ನಿಲ್ಲುತ್ತಾರೆ. ಫೋಟೊ ತೆಗೆಯುವುದು ಲೊರೀನ್.

ಮುಚ್ಚಳ ಉಜ್ಜಿದರೆ ಹೇಂಟೆಯಂತೆ ಕೂಗಿ ಹುಂಜವನ್ನು ಕರೆಯುವ ಮರದ ಪುಟ್ಟ ಪೆಟ್ಟಿಗೆ ಅವರ ಕೈಯಲ್ಲಿದೆ. ನೆನೆದರೆ ಅದು ಮೂಕ. ಹಾಗಾಗಿ ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಚೀಲದೊಳಗೆ ಕೈಸಮೇತ ಇಟ್ಟುಕೊಂಡು ಉಜ್ಜುತ್ತಾರೆ.

"ಬಂತು. ಅಲ್ಲಾಡ್ಬೇಡಿ ಯಜಮಾನ್ರೇ."

"ಅಲ್ಲಾಡೋಕೆ ನನ್ನಲ್ಲಿ ಏನು ಉಳಿದಿದೆ, ಹುಡುಗಿ? ಹೊಡೀಲಾ?"

ತೊಯ್ದು ಕಪ್ಪಾದ ಹಕ್ಕಿ, ತಲೆ ಹುಲ್ಲಿನಲ್ಲಿ. ನೆನೆದ ಹೇಂಟೆಯೂ ಹೀಗೇ ಕಾಣುತ್ತದೆ. ಎದೆಯಲ್ಲಿ ಗಡ್ಡ, ಅಂದರೆ ಹುಂಜದ ಕೂದಲಿನಂಥ ಗರಿಗೊಂಚಲು, ತೂಗುವ ಹಕ್ಕಿಯನ್ನಷ್ಟೇ ಹೊಡೆಯಬಹುದೆಂಬುದು ಕಾನೂನು. ಮಳೆಯಲ್ಲಿ ಗಡ್ಡ ಇದ್ದರೂ ಗರಿಗೆ ಅಂಟಿಕೊಂಡಿರುತ್ತದೆ.

"ಗಡ್ಡ ಕಾಣ್ತಿಲ್ಲ. ಬೇಡ."

"ಹೋಗೇಬಿಡುತ್ತೆ ಕಣೇ!"

"ಹೋಗ್ಲಿ. ಗಡ್ಡ ನೋಡ್ದೆ ಹೊಡೀಬೇಡ ಅಂತ ನನ್ನ ತಲೆ ತಿಂದಿದ್ಯಾರು?"

ಡೆಲ್ಮರ್ ಹಲ್ಲು ಕಚ್ಚುತ್ತಾರೆ. ಹಕ್ಕಿ ಕಾಡಿನತ್ತ ತಿರುಗುತ್ತದೆ. ಚೀಲದೊಳಗೆ ಲೊರೀನ್ ಒಂದೇ ಒಂದು ಸಲ, ಮೆಲ್ಲಗೆ ಮುಚ್ಚಳ ಎಳೆಯುತ್ತಾರೆ. ಹಕ್ಕಿ ನಿಂತು, ಕತ್ತೆತ್ತಿ, ನೆನೆದ ನಾಯಿಯಂತೆ ಮೈ ಕೊಡವುತ್ತದೆ. ನೀರು ಸಿಡಿದು ಎದೆಯಿಂದ ಗಡ್ಡ ಬಿಡಿಸಿಕೊಂಡು ತೂಗುತ್ತದೆ.

"ಈಗ."

ಗುಂಡಿನ ಸದ್ದನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಹುಂಜ ಬಿದ್ದಲ್ಲೇ ಬಿದ್ದಿದೆ. ಡೆಲ್ಮರ್ ಟೋಪಿ ತೆಗೆದು ಮುಖ ಒರೆಸಿಕೊಳ್ಳುತ್ತಾರೆ. "ಇಷ್ಟು ಚೆನ್ನಾಗಿ ನಾನೂ ಕರೀತಿರ್ಲಿಲ್ಲ."

"ಬಿಸಿಲಲ್ಲಿ ಯಾರು ಬೇಕಾದ್ರೂ ಕರೀತಾರೆ ಬಿಡಿ," ಎನ್ನುತ್ತ ಲೊರೀನ್ ಚೀಲದ ನೀರು ಕೊಡವಿ, ಮಡಚಿ ಜೇಬಿಗಿಳಿಸುತ್ತಾರೆ.

ಕೊಟ್ಟ ಮಾತು ನಡೆಯಿತು.