ಬೀರುವಿನೊಳಗಿಂದ ಕೆಳದನಿ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅವಳು ಬಟ್ಟೆಯ ಬೀರುವಿನೊಳಗೆ ನಿಂತು ಚಮಚದಿಂದ ಸ್ಟೀಲಿನ ಲೋಟ ಬಾರಿಸುತ್ತಿದ್ದಳು. ಎರಡೂ ಕಡೆ ಉಣ್ಣೆಯ ಕೋಟುಗಳು, ಕಾಲ ಬಳಿ ಬೂಟುಗಳು, ಎದೆಮಟ್ಟದ ಹಲಗೆಯ ಮೇಲೆ ಲ್ಯಾಪ್‌ಟಾಪ್. ಬಾಡಿಗೆ ಕೋಣೆಯ ಗೋಡೆ ಬಿಸ್ಕತ್ತಿನಷ್ಟು ತೆಳು. ಕೋಟುಗಳು ದನಿ ನುಂಗುತ್ತವೆಂದು ಅಳೆದು ನೋಡಿಯೇ ಅವಳು ಒಳಗೆ ಸೇರಿಕೊಂಡಿದ್ದು. ಆದರೂ ಮೊದಲ ವಾರ ಮನೆಯೊಡತಿ ಬೀರುವಿನ ಬಾಗಿಲು ತಟ್ಟಿ, "ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ದೀರಾ?" ಎಂದು ಕೇಳಿದ್ದಳು.

ಲೋಟದ ತಾಳಕ್ಕೆ ಅತ್ತ ಊರಿನ ಕಾಲೇಜಿನ ಹಾಲ್‌ನಲ್ಲಿ, ಕಡ್ಡಿ ಎಂದು ಎಲ್ಲರೂ ಕರೆಯುವ ಗೆಳತಿ ಚಪ್ಪಾಳೆ ಹಾಕುತ್ತಿದ್ದಳು. ಇಲ್ಲಿಂದ ಠಣ್ ಹೋಗಿ, ಅಲ್ಲಿಂದ ಚಪ್ಪಾಳೆ ಬರಲು ಒಂದು ಪಾಯಿಂಟ್ ನಾಲ್ಕು ಸೆಕೆಂಡ್. ಮೂವತ್ತು ಸಲ ಅಳೆದರೂ ಅಷ್ಟೇ. ಕಾಲೇಜಿನ ನೆಟ್‌ವರ್ಕ್ ಕುಂಟುತ್ತಿತ್ತು, ಆದರೆ ಶಿಸ್ತಾಗಿ ಕುಂಟುತ್ತಿತ್ತು.

ಅವಳು ಕಾಲೇಜಿನ ಗಾಯನ ವೃಂದದಲ್ಲಿ ತಗ್ಗಿನ ಸ್ವರ ಹಾಡುವ ನಾಲ್ವರ ಕೆಳದನಿ ಸಾಲಿನವಳು. ಗಂಟಲಲ್ಲಿ ಹಂಡೆಯಿದೆಯೆಂದು ಗೆಳತಿಯರು ಅವಳಿಗೆ ಹಂಡೆ ಎಂದೇ ಹೆಸರಿಟ್ಟಿದ್ದರು. ಒಂದು ವರ್ಷದ ಮಟ್ಟಿಗೆ ಹೊರದೇಶಕ್ಕೆ ಓದಲು ಬಂದಾಗ ಅವಳ ಕುರ್ಚಿಯನ್ನು ತೆಗೆಯಲಿಲ್ಲ. ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿ, ವೃಂದದ ನೀಲಿ ಶಾಲು ಹೊದಿಸಿದರು. ಪ್ರಿನ್ಸಿಪಾಲರು ಸಭೆಯಲ್ಲಿ ಎದ್ದುನಿಂತು, "ನಮ್ಮ ವೃಂದಕ್ಕೀಗ ವಿದೇಶಿ ಶಾಖೆಯಿದೆ" ಎಂದು ಘೋಷಿಸಿಯೂ ಬಿಟ್ಟರು. ಶಾಖೆ ಬೀರುವಿನಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ತೊಂದರೆ ಶುರುವಾದದ್ದು ಹಾಡಿದಾಗ. ಅವಳ ದನಿ ಎಲ್ಲರಿಗಿಂತ ಹಿಂದೆ ಬೀಳುತ್ತಿತ್ತು, ಜೊತೆಗೆ ಇಡೀ ಕೆಳದನಿ ಸಾಲೂ ಹಿಂದೆ ಬೀಳುತ್ತಿತ್ತು. ಹಾಡಿಸುವ ಮೇಷ್ಟ್ರು ಒಂದು ದಿನ ಪರದೆಯತ್ತ ಬಗ್ಗಿದರು.

"ನೋಡಮ್ಮ ಹಂಡೆ, ಬೇಜಾರು ಮಾಡ್ಕೋಬೇಡ. ವಾರ್ಷಿಕೋತ್ಸವದ ದಿನ ನೀನು ಹಾಡು, ಮನಸ್ಸು ಬಿಚ್ಚಿ ಹಾಡು. ನಾವು ಸೌಂಡ್ ಆಫ್ ಮಾಡಿರ್ತೀವಿ."

"ಹಾಗಾದ್ರೆ ನಾನ್ಯಾಕೆ ಸರ್?"

"ವಿದೇಶಿ ಶಾಖೆ ಕಾಣಬೇಕಲ್ಲಮ್ಮ!"

ಅವಳಿಗೆ ಮುಖ ಕಾಣುವುದು ಬೇಕಿರಲಿಲ್ಲ, ದನಿ ಕೇಳುವುದು ಬೇಕಿತ್ತು. ಬಾಯಾಡಿಸುತ್ತ ಕೂರಲು ಅವಳ ಫೋಟೋ ಸಾಕು.

ಮರುದಿನ ಸೌಂಡ್ ಆಫ್ ಮಾಡಿಯೇ ಹಾಡಿಸಿದರು. ಸಾಲು ಅಷ್ಟೇ ತಡ! ಪರದೆಯಲ್ಲಿ ಅವಳು ಗಮನಿಸಿದಳು: ಸಾಲಿನ ಉಳಿದ ಮೂವರೂ ಮೇಷ್ಟ್ರ ಕೈ ನೋಡುವುದು ಬಿಟ್ಟು ತನ್ನ ತುಟಿಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ.

"ಇದೇನೇ ಕಡ್ಡಿ ಇದು?" ಹಾಡು ಮುಗಿದು ಸೌಂಡ್ ಹಾಕಿದ ಮೇಲೆ ಅವಳು ಕೇಳಿದಳು.

"ಎರಡು ವರ್ಷದಿಂದ ನೀನು ಶುರು ಮಾಡಿದ ಮೇಲೇ ಕಣೇ ನಾವು ಬಾಯಿ ತೆಗೆದಿದ್ದು. ಈಗ ಯಾರನ್ನ ನೋಡೋಣ?"

"ಮೇಷ್ಟ್ರು ಅದಕ್ಕೇ ಅಲ್ವೇನೇ ಮುಂದೆ ನಿಂತಿರೋದು?"

"ಅಯ್ಯೋ, ಹೌದಲ್ವಾ!" ಎಂದಳು ಕಡ್ಡಿ, ನಿಜವಾಗಿಯೂ ಆಶ್ಚರ್ಯಪಟ್ಟು.

ಎರಡು ವರ್ಷದ ಅಭ್ಯಾಸ ಒಂದು ವಾರದಲ್ಲಿ ಬಿಡುವಂಥದ್ದಲ್ಲ. ಹಾಗಾಗಿ ಅವಳು ಹಳೆಯ ರಿಹರ್ಸಲ್‌ಗಳ ಇಪ್ಪತ್ತೆರಡು ವೀಡಿಯೊ ಹಾಕಿಕೊಂಡು ಮೇಷ್ಟ್ರನ್ನೇ ಅಭ್ಯಸಿಸಿದಳು. ಪ್ರತಿ ಹಾಡಿಗೆ ಮುಂಚೆ ಅವರು ಜಾರಿದ ಕನ್ನಡಕವನ್ನು ತೋರುಬೆರಳಿನಿಂದ ಮೇಲೆ ತಳ್ಳುತ್ತಿದ್ದರು. ತಳ್ಳಿದ ಮೂರು ಪಾಯಿಂಟ್ ಎರಡು ಸೆಕೆಂಡಿಗೆ ಕೈ ಇಳಿಯುತ್ತಿತ್ತು. ಇಪ್ಪತ್ತೆರಡರಲ್ಲಿ ಇಪ್ಪತ್ತೆರಡು ಸಲವೂ. ಅದರಲ್ಲಿ ಒಂದು ಪಾಯಿಂಟ್ ನಾಲ್ಕು ಕಳೆದರೆ ಉಳಿಯುವುದು ಒಂದು ಪಾಯಿಂಟ್ ಎಂಟು. ಕನ್ನಡಕ ಮೇಲೇರಿದ್ದು ಪರದೆಯಲ್ಲಿ ಕಂಡ ಮೇಲೆ ಅಷ್ಟು ಹೊತ್ತು ಬಿಟ್ಟು ಹಾಡು ಎತ್ತಿದರೆ, ದನಿ ಮೇಷ್ಟ್ರ ಕೈಯ ಜೊತೆಗೇ ಅಲ್ಲಿ ಇಳಿಯುತ್ತದೆ. ಅಲ್ಲಿಂದ ತಡವಾಗಿ ಬರುವ ಹಾಡು ತನ್ನನ್ನು ಹಿಂದಕ್ಕೆ ಎಳೆಯದಂತೆ ಇಲ್ಲಿ ಸೌಂಡ್ ಮುಚ್ಚಿ, ಗಡಿಯಾರ ನೋಡಿಕೊಂಡೇ ಹಾಡಬೇಕು, ಅಷ್ಟೆ.

ಮೂರು ರಿಹರ್ಸಲ್ ಸರಿಹೋದವು. ಮೇಷ್ಟ್ರು ಅದಕ್ಕೆ ತಮ್ಮ ಶಿಸ್ತೇ ಕಾರಣವೆಂದು ತಿಳಿದು, ಅರೆಮನಸ್ಸಿನಿಂದ ಒಪ್ಪಿದರು. "ಸೌಂಡ್ ಇರ್ಲಿ. ಹಾಡಿನ ಮೊದಲನೇ ಸಾಲಲ್ಲಿ ತಪ್ಪಿದ್ರೆ ಕಡ್ಡಿ ಆಫ್ ಮಾಡ್ತಾಳೆ."

ಇವತ್ತು ವಾರ್ಷಿಕೋತ್ಸವ, ಆ ಮೊದಲನೇ ಸಾಲಿನ ದಿನ. ಲೋಟ ಕೆಳಗಿಟ್ಟು ಅವಳು ಕಾದಳು. ಅಲ್ಲಿ ವೇದಿಕೆಯ ಪರದೆ ಸರಿಯಿತು, ಮೇಷ್ಟ್ರು ಬಂದರು. ಅವಳು ಲ್ಯಾಪ್‌ಟಾಪಿನತ್ತ ಬಗ್ಗಿದಳು.

"ಕಡ್ಡೀ, ಆ ಕನ್ನಡಕ!"

"ಹೊಸದು ಕಣೇ, ಇವತ್ತಿಗೇ ಅಂತ ಮಾಡಿಸಿದ್ದಂತೆ," ಕಡ್ಡಿ ಪಿಸುಗುಟ್ಟಿದಳು. "ತಲೆಕೆಳಗಾಗಿ ನಿಂತ್ರೂ ಜಾರಲ್ವಂತೆ."

ಇನ್ನು ಮಾಡುವುದೇನೂ ಇರಲಿಲ್ಲ. ಅವಳು ತನ್ನ ಕಡೆಯ ಸೌಂಡ್ ಮುಚ್ಚಿದಳು. ಮೇಷ್ಟ್ರು ಸಭೆಗೆ ಕೈಮುಗಿದರು, ತಿರುಗಿದರು, ಗಂಟಲು ಸರಿಮಾಡಿಕೊಂಡರು. ಕನ್ನಡಕ ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೆ ಹಳೆಯ ಬೆರಳಿಗೆ ಹೊಸ ಕನ್ನಡಕದ ಸುದ್ದಿ ಮುಟ್ಟಿರಲಿಲ್ಲ. ಅದು ತನ್ನ ಪಾಡಿಗೆ ತಾನು ಮೇಲೇರಿ, ಜಾರದಿದ್ದ ಕನ್ನಡಕವನ್ನು ತಳ್ಳಿತು.

ಒಂದು ಪಾಯಿಂಟ್ ಎಂಟು. ಕೋಟುಗಳ ನಡುವೆ, ನಿಶ್ಶಬ್ದದಲ್ಲಿ, ಅವಳು ಹಾಡು ಎತ್ತಿದಳು. ಪರದೆಯಲ್ಲಿ ಮೇಷ್ಟ್ರ ಕೈ ಇನ್ನೂ ಮೇಲೇ ಇತ್ತು. ಆಮೇಲೆ ಕೈ ಇಳಿಯಿತು, ಮೂರು ಬಾಯಿಗಳೂ ಒಟ್ಟಿಗೇ ತೆರೆದವು. ಮೊದಲ ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಕಡ್ಡಿಯ ಕೈ ಲ್ಯಾಪ್‌ಟಾಪಿನತ್ತ ಬರಲೇ ಇಲ್ಲ.

ಕೊನೆಗೆ ಪ್ರಿನ್ಸಿಪಾಲರು ಮೈಕ್ ಹಿಡಿದು, ಮೇಷ್ಟ್ರ ಶಿಸ್ತನ್ನೂ ಕಾಲೇಜಿನ ನೆಟ್‌ವರ್ಕನ್ನೂ ಹೊಗಳಿ, ಈ ಕಾಲದಲ್ಲಿ ದೂರವೆಂಬುದೇ ಸೊನ್ನೆಯಾಗಿದೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಸಭೆಯ ಮುಂದಿನ ಕುರ್ಚಿಯಲ್ಲಿ ಕೂತಿದ್ದ ಅವಳ ಅಮ್ಮ ಮಾತ್ರ ತಟ್ಟಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಸೊನ್ನೆಯಲ್ಲವೆಂದು ಅಮ್ಮನಿಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಫೋನಿನಲ್ಲಿ, "ಕೂಗಿದ್ರೆ ಓಗೊಡೋಕೂ ಆಗದಷ್ಟು ದೂರ ಹೋಗ್ಬಿಟ್ಯಲ್ಲೇ, ಎಷ್ಟು ದೂರ ಇದ್ದೀಯಾ ಹೇಳು," ಎಂದು ಕೇಳಿದ್ದಕ್ಕೆ ಮಗಳು ಬಾಯಿಬಿಟ್ಟು ಸರಿಯಾಗಿ ಹೇಳಿದ್ದಳು: "ನೀನು ಕೂಗಿ, ನಾನು ಓಗೊಟ್ಟಿದ್ದು ನಿಂಗೆ ಕೇಳಿಸೋಕೆ ಒಂದು ಪಾಯಿಂಟ್ ನಾಲ್ಕು ಸೆಕೆಂಡ್, ಅಮ್ಮ."